ಮಾದರಿ ೨೧೭, ಎಡಗಿವಿ

ವಾಂಗಿ-ವಾಂಗಿಯ ರಾತ್ರಿ ಹಡಗು ಇವತ್ತೂ ತಡ.
ಮೀನಿನ ಮಂಜುಗಡ್ಡೆಗೆ ಮೈಯೊತ್ತಿಕೊಂಡು
ಕೆಂಡಾರಿಯ ಬಂದರಿಗೆ ಬಂದಿಳಿದಿದೆ ನಮ್ಮ ನೀಲಿ ಡಬ್ಬ.
ಆರು ಕೊಳವೆ, ಆರು ಹತ್ತಿಕಡ್ಡಿ.
ಒಂದರ ಚೀಟಿ ನೆನೆದು ಉಳಿದ ಶಾಯಿ ಇಷ್ಟು ಹೇಳುತ್ತದೆ:
ಉಡ್ಡಿಂಗ್. ಗಂಡಸು. ಬಜೋ.
ವಯಸ್ಸು ಅರವತ್ತು, ಪಕ್ಕದಲ್ಲೊಂದು ಪ್ರಶ್ನೆಚಿಹ್ನೆ.
ಕಸುಬು: ಮುಳುಗುವುದು.
ಎಷ್ಟು ದಿನದಿಂದ ಸೋರುತ್ತಿದೆ ಎಂಬಲ್ಲಿ
ಮಂತ್ರಿ ಬರೆದಿದ್ದಾನೆ: ಮದುವೆಗೆ ಮುಂಚಿನಿಂದ.
(ನಮ್ಮ ಕಡೆ ಊರ ಕಾಂಪೌಂಡರೇ ಮಂತ್ರಿ.
ಖಾತೆ ಒಂದೇ, ಎಲ್ಲ ಕಾಯಿಲೆ.)

ಹತ್ತಿಯ ತುದಿಯನ್ನು ರಕ್ತದ ಅಗರ್ ಮೇಲೆ ಹೊರಳಿಸುತ್ತೇನೆ.
ಅಗರ್ ಎಂದರೂ ಕಡಲೇ, ಪಾಚಿ ಬೇಯಿಸಿ ಹೆಪ್ಪುಗಟ್ಟಿಸಿದ್ದು,
ಇವರ ಹೆಂಗಸರೇ ಹಗ್ಗಕ್ಕೆ ಕಟ್ಟಿ ಬೆಳೆಸಿದ್ದೋ ಏನೋ ಎನ್ನುತ್ತೇನೆ.
ಅಲ್ಲ, ಅವರದು ಬೇರೆ ಜಾತಿ, ಐಸ್‌ಕ್ರೀಮಿಗೆ ಹೋಗುತ್ತದೆ,
ಹಸ್ನಿ ತಲೆಯೆತ್ತದೆ ತಿದ್ದುತ್ತಾಳೆ.
ತಂತಿಯ ಬಳೆ ಕೆಂಪಗೆ ಕಾಯಿಸಿ, ಆರಿಸಿ,
ಎಳೆ, ತಿರುಗಿಸು, ಎಳೆ.
ಪ್ರತಿ ಗೆರೆಯೂ ಮೊದಲಿನದಕ್ಕಿಂತ ತೆಳು,
ಮಾತು ಮುಗಿಯುತ್ತ ಬಂದ ಹಾಗೆ.
ಮೂವತ್ತೈದು ಡಿಗ್ರಿ. ಬಾಗಿಲು ಹಾಕಿ ಮನೆಗೆ ಹೋಗು.

ಹುಡುಗನಿದ್ದಾಗ ಅಪ್ಪ ದೋಣಿಯಿಂದ ಇಳಿಬಿಟ್ಟನಂತೆ.
ಆಳದಲ್ಲೆಲ್ಲೋ ಕಿವಿಯ ತಮಟೆ ಹರಿಯಿತು,
ಮೂಗಿನಲ್ಲಿ ರಕ್ತ, ವಾರವಿಡೀ ಹಾಯಿಯ ನೆರಳಲ್ಲಿ ನಿದ್ದೆ.
ಆಮೇಲೆ ನೋವಿಲ್ಲ. ಆಮೇಲೆ
ಕಡಲು ಬಾಗಿಲಿಲ್ಲದ ಮನೆ, ಅವನೂ ಕಡಲಿಗೆ.
ಇದನ್ನು ಹೇಳಿದ್ದು ಮಂತ್ರಿ, ಫೋನಿನಲ್ಲಿ, ಕಿರುಚುತ್ತ.
ಊರಿಡೀ ಕಿವುಡರ ಜೊತೆ ಮಾತಾಡಿ ಅವನ ಗಂಟಲು ಹಾಗಾಗಿದೆ.

ಮರುದಿನ ಮುಚ್ಚಳ ತೆಗೆಯುವ ಮುಂಚೆಯೇ ವಾಸನೆ:
ದ್ರಾಕ್ಷಿ. ಮಾಗಿ ಒಂದು ದಿನ ಹೆಚ್ಚಾದ ದ್ರಾಕ್ಷಿ.
ಮೂಸಬಾರದೆಂದು ಗೋಡೆಯ ಮೇಲೆ ಬರೆದಿದೆ,
ಮೂಗಿಗೆ ಓದು ಬರುವುದಿಲ್ಲ.
ಅಂಚು ಹರಡಿದ ಚಪ್ಪಟೆ ಗುಂಪುಗಳು, ಮೇಲೆ ಲೋಹದ ಹೊಳಪು.
ಬಣ್ಣವಿಲ್ಲದ ತಟ್ಟೆಗೆ ಎತ್ತಿದರೆ ಹಸಿರು, ಹಸಿರಿನೊಳಗೆ ನೀಲಿ,
ಹವಳದ ದಿಬ್ಬ ಮುಗಿದು ಆಳ ಬೀಳುವ ಮುಂಚಿನ
ಸೊಂಟದೆತ್ತರದ ನೀರು.
ಸ್ಯೂಡೊಮೊನಾಸ್.
ಜೊತೆಗೊಂದಿಷ್ಟು ಬಿಳಿ ಚುಕ್ಕೆ, ಚರ್ಮದ ಒಕ್ಕಲು,
ತಮ್ಮ ಪಾಡಿಗೆ ಇರುವವರು. ಅವರನ್ನು ವರದಿಗೆ ಎಳೆಯುವುದಿಲ್ಲ.
ಅರ್ಧ ಕೆಲಸ ಇಷ್ಟೇ: ಯಾರು ಕಳ್ಳ, ಯಾರು ಮನೆಯವರು.

ಔಷಧಿಯ ಬಿಲ್ಲೆಗಳಿಟ್ಟು ಇನ್ನೊಂದು ರಾತ್ರಿ.
ಜೆಂಟಾಮೈಸಿನ್ ಸುತ್ತ ಕಾಲಿಡಲೂ ಜಾಗವಿಲ್ಲ.
ಸಿಪ್ರೊಫ್ಲೊಕ್ಸಾಸಿನ್ ಸುತ್ತ ಇಪ್ಪತ್ತೊಂಬತ್ತು ಮಿಲಿಮೀಟರ್
ಗುಡಿಸಿಟ್ಟ ಅಂಗಳ.
ಹನಿ ಇದೆ, ವಾಂಗಿ-ವಾಂಗಿಯ ಅಂಗಡಿಯಲ್ಲೂ ಸಿಗುತ್ತದೆ.
ಕೊನೆಯ ಸಾಲು ವೈದ್ಯರದು:
ಆರು ವಾರ ನೀರಿಗಿಳಿಯಬಾರದು.

ಫೋನ್ ಮಾಡಿದರೆ ಮೊಮ್ಮಗಳು ಸರ್ಲಿಯಾ ಎತ್ತಿದಳು,
ಮುದುಕ ಕಸಿದುಕೊಂಡು ಎಡಗಿವಿಗೇ ಹಿಡಿದ.
ನಾನಂದದ್ದೆಲ್ಲ ಅಲ್ಲಿ ಹೋಗಿ ಮುಳುಗಿತು.
"ಬಲ, ಅಜ್ಜ, ಬಲ!" ಹುಡುಗಿಯ ಕೂಗು.
ಆಮೇಲೆ ಕೇಳಿದ: ಏನು ಬೆಳೆಯಿತು?
ಹೆಸರು ಕಟ್ಟಿಕೊಂಡು ಅವನಿಗೇನು, ಬಣ್ಣ ಹೇಳಿದೆ.
"ಹಾಗಾದರೆ ನಮ್ಮ ಕಡೆಯದೇ," ಎಂದ, ನಗಲಿಲ್ಲ.
"ನಾ ಹುಟ್ಟಿದ ದಿನ ಮಾಸನ್ನು ಕಡಲಿಗೆ ಬಿಟ್ಟರು.
ನನಗಿಂತ ಮುಂಚೆ ಇಳಿದದ್ದು ಅದು, ನನ್ನ ಅಣ್ಣ.
ಆರು ವಾರ ಹೋಗದಿದ್ದರೆ ಅವನಿಗೆ ಯಾರು ಹೇಳುತ್ತಾರೆ?"
ನಾನು ಮೂರು ವಾರ ಎಂದೆ.
ವೈದ್ಯರು ಪಕ್ಕದ ಕೋಣೆಯಲ್ಲಿದ್ದರು, ಕೇಳಿಸಿರಲಾರದು.
ಆ ಕಡೆ ಎಂಜಿನ್ ಶುರುವಾಯಿತು, ಯಾರದೋ.

ಸಂಜೆ ತಟ್ಟೆಗಳೆಲ್ಲ ಆಟೋಕ್ಲೇವಿಗೆ.
ನೂರ ಇಪ್ಪತ್ತೊಂದು ಡಿಗ್ರಿ, ಸೀಟಿಯಿಲ್ಲದ ಕುಕ್ಕರು.
ಹಸಿರು ಹೋಗುತ್ತದೆ, ಪಾಚಿ ಕರಗಿ ಮತ್ತೆ ನೀರಾಗುತ್ತದೆ,
ದ್ರಾಕ್ಷಿ ಮಾತ್ರ ನನ್ನ ಕೈಗವಸಿನಲ್ಲಿ ಇನ್ನೊಂದು ಗಳಿಗೆ.

ಒಂದು ತಟ್ಟೆ ಬಾಕಿ, ಇನ್ನೂ ಏನೂ ಎದ್ದಿಲ್ಲ.
ಮಾದರಿ ೨೧೮, ಬಲಗಿವಿ. ವಯಸ್ಸು ಒಂಬತ್ತು,
ಇಲ್ಲಿ ಪ್ರಶ್ನೆಚಿಹ್ನೆ ಇಲ್ಲ.
ಕಸುಬು ಎಂಬಲ್ಲಿ ಶಾಲೆ ಎಂದು ಬರೆದು
ಯಾರೋ ಗೀಟು ಹಾಕಿದ್ದಾರೆ.