ಹತ್ತು ಪಾಲು

ಅರಸೀಕೆರೆ ಜಂಕ್ಷನ್ನಿನಲ್ಲಿ ಸಿಗ್ನಲ್ ದೀಪ ಹಚ್ಚುವುದು
ನನ್ನ ಕೆಲಸವಾಗಿತ್ತು. ಹೊತ್ತು ಮುಳುಗುವ ಮುಂಚೆ
ಸೀಮೆಎಣ್ಣೆ ಡಬ್ಬ, ಬತ್ತಿ, ಏಣಿ.
ಆ ಶನಿವಾರ ಮೂರೂವರೆಗೇ
ಬಿಸಿಲು ನೀರು ಮಜ್ಜಿಗೆಯಾಯಿತು.
ಏಣಿ ತೆಗೆಯಲೋ ಬೇಡವೋ,
ರೂಲ್ ಬುಕ್ಕಿನಲ್ಲಿ ಇದಕ್ಕೆ ಪುಟವಿರಲಿಲ್ಲ.

ಗಾರ್ಡ್ ಅಮೀರ್‌ಜಾನ್ ಹಿಂದಿನ ದಿನವೇ ಕರೆದಿದ್ದ:
‘ಬಾರಯ್ಯ, ಹುಬ್ಬಳ್ಳಿ ಕಡೆ ಪೂರ್ತಿ ಹಿಡಿಯುತ್ತಂತೆ,
ಇಲ್ಲಿ ಬರೀ ತೊಂಬತ್ತು ಪಾಲು.’
ಹತ್ತು ಪಾಲಿಗೆ ಅಷ್ಟು ದೂರ ಯಾರು ಹೋಗುತ್ತಾರೆ ಅಂದೆ.
ನಿಜ ಹೇಳಬೇಕೆಂದರೆ ಗಂಗಲಕ್ಷ್ಮಿಗೆ ಏಳು ತಿಂಗಳು.
ಅವ್ವ ಕಿಟಕಿಗೆ ಕಂಬಳಿ ಹೊಡೆದು
ಅವಳನ್ನು ಒಳಗೆ ಕೂಡಿ ಚಿಲಕ ಹಾಕಿ
ಹಿತ್ತಾಳೆ ತಟ್ಟೆಗೆ ನೀರು ಹೊಯ್ದು
ಒನಕೆ ನಿಲ್ಲಿಸಿದ್ದಳು. ನಿಂತಿತ್ತು ಕೂಡ.

ಪ್ಲಾಟ್‌ಫಾರಂ ಖಾಲಿ. ಬೇವಿನ ನೆರಳ ತುಂಬ
ಉಗುರು ಕತ್ತರಿಸಿ ಚೆಲ್ಲಿದಂತೆ ಪುಟ್ಟ ಪುಟ್ಟ ಬಿಸಿಲು.
ಕಾಗೆಗಳು ಓವರ್‌ಬ್ರಿಡ್ಜಿನ ಮೇಲೆ ಕೂತು, ಮತ್ತೆ ಎದ್ದು,
ನನ್ನ ಹಾಗೇ ಅನುಮಾನದಲ್ಲಿ.
ಮೈ ಸ್ವಲ್ಪ ತಣ್ಣಗಾಯಿತು. ಅಷ್ಟೇ.
ಒಂದು ಎಳೆ ಸೂರ್ಯ ಉಳಿದರೂ ಸಾಕು,
ಹಗಲು ತಾನು ಹಗಲೆಂದೇ ಜಗಳಕ್ಕೆ ನಿಲ್ಲುತ್ತದೆ,
ಮನಸ್ಸೂ ಹೂಂ ಅನ್ನುತ್ತದೆ.

ಮಾರನೆಯ ದಿನ ಅಮೀರ್‌ಜಾನ್ ಇಳಿದ,
ಕಂಕುಳಲ್ಲಿ ಹಸಿರು ಬಾವುಟ, ಕೈಯಲ್ಲಿ ಆರುತ್ತಿದ್ದ ಟೀ.
ಹೇಗಿತ್ತು?
‘ತಲೆ ಮೇಲೆ ಯಾರೋ...’ ಅಂದು ನಿಲ್ಲಿಸಿದ.
ಆಮೇಲೆ ‘ಚುಕ್ಕಿ ಬಂದವು’ ಅಂದ.
ಪಕ್ಕದವನ, ಯಾರೋ ಈರುಳ್ಳಿ ವ್ಯಾಪಾರಿಯ,
ಕೈ ಹಿಡಿದಿದ್ದನಂತೆ.
ಯಾವಾಗ ಹಿಡಿದದ್ದು, ಯಾರು ಮೊದಲು, ಗೊತ್ತಿಲ್ಲ.
ಹೆದರಿಕೆಯೇ? ಅಲ್ಲ.
ಸಂತೋಷವೇ? ಅದೂ ಅಲ್ಲ ಮಾರಾಯ,
ನಾನೊಬ್ಬ ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿತ್ತು.
ಎರಡು ನಿಮಿಷ ಚಿಲ್ಲರೆ. ಬೆಳಕು ತಿರುಗಿ ಬಂದಾಗ
ಅವನಿಗೆ ಬಂದದ್ದು ಸಿಟ್ಟು,
ಯಾಕೆ ಬಂತು ಇಷ್ಟು ಬೇಗ ಎಂದು.

ಆ ಹತ್ತು ಪಾಲನ್ನು ನಾನು ವರ್ಷಗಟ್ಟಲೆ
ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ.
ದೀಪಗಳೆಲ್ಲ ಕರೆಂಟಿನವಾದವು.
ಅಮೀರ್‌ಜಾನ್ ಹೋದ.

ಮಗಳಿಗೆ ಈಗ ಮಗಳು. ಮೊನ್ನೆ ಅವರೆಕಾಯಿ ಸುಲಿಯುತ್ತ
ಗಂಗಲಕ್ಷ್ಮಿ ತಾನಾಗಿ ಅಂದಳು:
ಆವತ್ತು ಬಾಗಿಲಲ್ಲಿ ಒಂದು ಮೊಳೆತೂತು ಇತ್ತು.
ಅದರೊಳಗಿಂದ ಸೂರ್ಯ, ಕಾಸಿನಗಲ,
ನನ್ನ ಹೊಟ್ಟೆ ಮೇಲೆ ಬಂದು ಕೂತ.
ಕಚ್ಚಿದ ಹಪ್ಪಳದ ಹಾಗೆ ಸವೆದ, ಸವೆದ,
ಒಂದು ಗೀರಾದ. ಒಳಗಿದ್ದವಳು ಒದ್ದಳು.
ಕೈ ಅಡ್ಡ ಹಿಡಿಯಬೇಕು ಅನ್ನಿಸಲೇ ಇಲ್ಲ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ?

ಸಿಪ್ಪೆ ಒಂದು ಕಡೆ ಸರಿಸಿದಳು.
‘ಹೇಳಿದ್ದರೆ ತೂತು ಮುಚ್ಚುತ್ತಿದ್ದಿರಿ.’