ನೀರು ಸಾಕುವುದು

ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಜಾಗ ಖಾಲಿ ಮಾಡುವಾಗ
ಮಗನ ಸೈಕಲ್ಲಿನ ರಿಪೇರಿ ಬಾಕಿಗೆ ಬದಲು
ಈ ಗಾಜಿನ ತೊಟ್ಟಿ ಬಿಟ್ಟುಹೋದರು.
ಮೂರಡಿ ಉದ್ದ. ಒಳಗೊಬ್ಬ ಪ್ಲಾಸ್ಟಿಕ್ಕಿನ ಮುಳುಗುಗಾರ,
ಒಂದು ಕೈಯಿಲ್ಲ.

'ಮೊದ್ಲು ಸೈಕಲ್ ಆಗ್ಬೇಕು' ಅಂದಳು
ಸವಳಂಗ ರಸ್ತೆಯ ಮೀನಿನಂಗಡಿಯ ಫ್ಲಾವಿಯಾ.
ಇಪ್ಪತ್ತೆಂಟು ವರ್ಷ ಸೈಕಲ್ಲೇ ನನ್ನ ಅನ್ನ.
ನನ್ನ ಹುಡುಗ ತಬ್ರೇಜ್ ನಕ್ಕ. ಅವಳು ನಗಲಿಲ್ಲ.
'ಮೀನಿನ ಉಚ್ಚೆ ಮೀನನ್ನೇ ಸುಡುತ್ತೆ ಗಫೂರಣ್ಣ.
ಅದನ್ನ ತಿನ್ನೋ ಹುಳ ಮೊದ್ಲು ಹುಟ್ಬೇಕು,
ಆ ಹುಳ ಬಿಟ್ಟಿದ್ದೂ ವಿಷ,
ಅದಕ್ಕೆ ಇನ್ನೊಂದು ಹುಳ ಬರ್ಬೇಕು.
ಕಣ್ಣಿಗೆ ಕಾಣಲ್ಲ. ಒಂದೂವರೆ ತಿಂಗ್ಳು ಕಾಯಿ.'
ತನ್ನ ಹಳೇ ತೊಟ್ಟಿಯ ಸ್ಪಂಜಿನದೊಂದು ತುಂಡು ಕೊಟ್ಟಳು,
ಕರ್ರಗೆ, ಕೆಸರು ನಾತ,
ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ.

ನಲ್ಲಿ ನೀರು ಬಕೆಟ್ಟುಗಳಲ್ಲಿ ರಾತ್ರಿಯೆಲ್ಲ ಬಾಯ್ತೆರೆದು
ಬ್ಲೀಚಿನ ಮೂಗು ಮುರಿದ ಮೇಲೆ ತುಂಬಿದೆವು.
ಹಳೇ ಕಾಲುಚೀಲದಲ್ಲಿ ಒಂದು ಸಿಗಡಿ ಕಟ್ಟಿ
ಕೊಳೆಯಲು ಇಳಿಬಿಟ್ಟೆವು.
ಟ್ಯೂಬು ಹಿಡಿದು ಬಂದವರೆಲ್ಲ ಬಗ್ಗಿ ನೋಡುವರು:
'ಏನು ಸಾಕಿದೀರಿ?'
'ನೀರು.'

ಹನಿ ಎಣಿಸುವುದು ತಬ್ರೇಜನ ಪಾಲು.
ಎಂಟು ಹನಿ, ಮುಚ್ಚಿ ಅಲುಗಿಸು, ಐದು ನಿಮಿಷ.
ಐದು ನಿಮಿಷಕ್ಕೆ ನನ್ನದೊಂದು ಪಂಕ್ಚರ್.
ಮೊದಲ ವಾರ ಬಸಳೆ ಹಸಿರು.
ಮೂರನೆಯ ವಾರ ಹಸಿರು ಬಾಡಿ ಹಳದಿ,
ಇನ್ನೊಂದು ನಳಿಗೆಯಲ್ಲಿ
ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ.
ಒಂದು ಹುಳ ಬಂದಿದೆ. ಇನ್ನೊಂದು ದಾರಿಯಲ್ಲಿದೆ.

ನನ್ನ ಕಬ್ಬಿಣದ ಬೋಗುಣಿಯಲ್ಲಿ ಗುಳ್ಳೆ ಎದ್ದರೆ ತೂತು,
ಇಲ್ಲಿ ಗುಳ್ಳೆ ನಿಂತರೆ ಎದೆ ಧಸಕ್.
ಕರೆಂಟು ಹೋದ ಒಂದು ರಾತ್ರಿ ಹುಡುಗ
ಸೈಕಲ್ ಪಂಪಿಗೆ ನಳಿಕೆ ಸಿಕ್ಕಿಸಿ
ಕಾಣದ ಜೀವಗಳಿಗೆ ಹನ್ನೊಂದರ ತನಕ ಗಾಳಿ ಹೊಡೆದ.

ಅದೇ ಹುಡುಗ, ಇಪ್ಪತ್ತಾರನೆಯ ದಿನ,
ಆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ
ಹಳದಿ ಮಾಡಿ ತಂದು ತೋರಿಸಿದ:
'ಎಷ್ಟು ಗಲೀಜಿತ್ತು ನೋಡಿ ಚಾಚಾ.'
ಬೈಗುಳ ಹಲ್ಲಿನ ತನಕ ಬಂತು.
ಅವನ ವಯಸ್ಸಿನಲ್ಲಿ ನಾನೂ
ಕಿರ್ರೆನ್ನುವ ಬ್ರೇಕಿನ ರಬ್ಬರಿಗೆ ಗ್ರೀಸು ಹಚ್ಚಿದ್ದೆ,
ಒಳ್ಳೆಯದಕ್ಕೆಂದೇ.
ಇಬ್ಬರೂ ಹೋಗಿ ಫ್ಲಾವಿಯಾಳ ಮುಂದೆ ನಿಂತೆವು,
ಮತ್ತೊಂದು ಕರ್ರನೆಯ ತುಂಡಿಗೆ.

ಮತ್ತೆ ಹಸಿರು. ಆಮೇಲೆ ಯಾವುದೂ ಅಲುಗಲಿಲ್ಲ.
ಹತ್ತು ದಿನ ಅದೇ ಬಣ್ಣ, ತುಕ್ಕು ಹಿಡಿದ ಚೈನಿನ ಹಾಗೆ.
ಅವಳು ಬಂದು ಬೇರೆ ಹನಿ ಹಾಕಿ ನೋಡಿ
'ಹುಳಿ ತಿರುಗಿದೆ' ಅಂದಳು.
'ತುಂಗಾ ಪಾನ ಅಂತೀವಲ್ಲ, ನಮ್ಮ ಬಾಯಿಗೆ ಸರಿ.
ಇಷ್ಟು ಮೆದು ನೀರಿಗೆ ಬೆನ್ನೆಲುಬಿಲ್ಲ.
ಸುಣ್ಣ ಬೇಕು, ಸ್ವಲ್ಪ ಸ್ವಲ್ಪ. ಸುರೀಬೇಡಿ ಮತ್ತೆ.'
ಭಟ್ಕಳದ ತಂಗಿ ಸಾರು ಮಾಡಿ ಎಸೆದ ಮರುವಾಯಿ ಚಿಪ್ಪು
ಬಸ್ಸಿನಲ್ಲಿ ಬಂತು, ತೊಳೆದು, ಕುಟ್ಟಿ,
ಅದೇ ಕಾಲುಚೀಲದ ಜೋಡಿಗೆ ತುಂಬಿದೆವು.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದರೆ
ಮೂರು ನಳಿಗೆ ಬಿಳಿ ಹಾಳೆಗೆ ಆನಿಸಿಟ್ಟಿದ್ದ.
ಒಂದು ಹಳದಿ. ಒಂದು ತಿಳಿನೀಲಿ.
ಮೂರನೆಯದು ಮಾತ್ರ ಕಿತ್ತಳೆ.
ಏನೂ ಹೇಳದೆ ಕೈ ಒರೆಸಿಕೊಂಡ, ಪ್ಯಾಂಟಿಗೆ.

ಈಗ ಆರು ಪಕ್ಕೆ ಮರಿ ಇವೆ.
ಅಂಗಡಿಯ ಬಣ್ಣದ ಮೀನು ಬೇಡವೆಂದು
ಚಾನೆಲ್ಲಿನಿಂದ ಬನಿಯನ್ನಿನಲ್ಲಿ ಹಿಡಿದು ತಂದದ್ದು ಅವನೇ.
ಬೆಲೆ ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ.
ವಾರಕ್ಕೊಮ್ಮೆ ಕಾಲು ತೊಟ್ಟಿ ನೀರು ತೆಗೆದು
ಬಾಗಿಲ ಬಳಿಯ ಡಬ್ಬದ ದೊಡ್ಡಪತ್ರೆಗೆ ಸುರಿಯುತ್ತೇವೆ.
ಅದು ಅಂಗೈಯಗಲ ಎಲೆ ಬಿಟ್ಟು ಡಬ್ಬ ದಾಟಿದೆ.
ಎದುರಿನ ಇಸ್ತ್ರಿಯಂಗಡಿಯ ಸಾಕಮ್ಮ
ಕೇಳದೆ ನಾಲ್ಕೆಲೆ ಕಿತ್ತು ಒಯ್ಯುತ್ತಾಳೆ, ತಂಬುಳಿಗೆ.