ಐದು ರೀಮು ಕಾಗದ

ಇಪ್ಪತ್ತೆರಡು ದಿನ ನಮ್ಮಜ್ಜ ಮಂತ್ರಿಯಾಗಿದ್ದ.
ಮ್ಯಾನಿಟೋಬ. ಜನವರಿ. ಶಾಯಿಯೂ ಹೆಪ್ಪುಗಟ್ಟುವ ಚಳಿ;
ಒಲೆಯ ಮೇಲೆ ದೌತಿಯಿಟ್ಟು ಕರಗಿಸಿಕೊಂಡು
ಪ್ರಮಾಣಪತ್ರಕ್ಕೆ ರುಜು ಹಾಕಿದನಂತೆ.
ಐದು ಜನರ ಸಂಪುಟ. ಒಬ್ಬರಿಗೆ ಕೆಮ್ಮು,
ಇನ್ನೊಬ್ಬರು ರೈಲಿನೊಳಗೆ ಹಿಮಕ್ಕೆ ಸಿಕ್ಕಿ
ಬಂದು ತಲುಪುವಷ್ಟರಲ್ಲಿ
ಉಪಚುನಾವಣೆ ಸೋತಾಗಿತ್ತು.

ಏನು ಮಾಡಿದಿರಿ ಅಷ್ಟು ದಿನ, ಎಂದವರಿಗೆ
ಅಜ್ಜನದು ಒಂದೇ ಉತ್ತರ:
‘ಕೋಣೆಯ ಬೀಗದಕೈ ಹುಡುಕಿದೆ.’

ಕುರ್ಚಿ ಬೆಚ್ಚಗಾಗುವ ಮೊದಲೇ ಎದ್ದು ಬಂದ.
ಅಚ್ಚುಕೂಟದವನಿಗೆ ಅದನ್ನು ಯಾರು ಹೇಳಬೇಕು?
ಸರ್ಕಾರ ಬಿದ್ದ ಮೂರನೇ ದಿನ
ಜಾರುಬಂಡಿಯಲ್ಲಿ ಬಂದಿಳಿಯಿತು ಐದು ರೀಮು,
ಹಾಳೆ ಹಾಳೆಯ ನೆತ್ತಿಯಲ್ಲೂ ಕಾಡುಕೋಣ, ಅದರಡಿ
ಮಾನ್ಯ ಗಿಲ್ಬರ್ಟ್ ಟಲಕ್, ಲೋಕೋಪಯೋಗಿ ಮಂತ್ರಿಗಳು.

ಯೂಫೀಮಿಯ, ನನ್ನಜ್ಜಿ, ಆರ್ಕ್ನಿ ದ್ವೀಪದವಳು,
ದಾರದ ತುಣುಕನ್ನೂ ಎಸೆದವಳಲ್ಲ.
ಅಂದಿನಿಂದ ಮನೆಯ ಲೆಕ್ಕವೆಲ್ಲ ಮಂತ್ರಿಗಳ ಬೆನ್ನ ಮೇಲೆ:
ಸೀಮೆಎಣ್ಣೆ, ಗೋಧಿಹಿಟ್ಟು, ಕುರಿ ಈದ ತಾರೀಕು,
ನನ್ನಪ್ಪ ಏಳರ ಮಗ್ಗಿ ತಪ್ಪಿದ್ದು,
ಮತ್ತೆ ತಪ್ಪಿದ್ದು.
ಅಜ್ಜ ತುಟಿ ಬಿಚ್ಚಲಿಲ್ಲ. ಒಮ್ಮೆ ಮಾತ್ರ,
ಕೋಳಿಗೂಡಿನ ಬಿರುಕಿಗೆ ಅವಳು ಕಾಗದ ತುರುಕುತ್ತಿರುವಾಗ,
‘ಕೋಣದ ಮುಖ ಒಳಗಡೆಗಿರಲಿ, ಗಾಳಿ’ ಅಂದನಂತೆ.

ಅಜ್ಜಿ ತೀರಿದ ವರ್ಷ ಹಿಟ್ಟಿನ ಡಬ್ಬಿಯ ತಳದಲ್ಲಿ
ಸಿಕ್ಕಿದ್ದು ಎರಡೂ ಬದಿ ಬರೆದ ಹಾಳೆ.
ಮುಂದೆ, ಆಜ್ಞೆ:
ಮುಳ್ಳುಹಂದಿ ಕಡವಿನ ದೋಣಿಗೆ ಹೊಸ ತಂತಿಹಗ್ಗ,
ಇನ್ನೂರು ಅಡಿ, ಹಿಮ ಕರಗುವ ಮುನ್ನ.
ರುಜು ಇತ್ತು. ತಾರೀಕೂ ಇತ್ತು,
ಅಧಿಕಾರ ಹೋದ ಆರನೆಯ ದಿನದ್ದು.
ಹಿಂದೆ, ಅಜ್ಜಿಯ ಕೈಬರಹ:
ಮೊಟ್ಟೆ ಹನ್ನೊಂದು, ಒಡೆದದ್ದು ಮೂರು.
ಅದೇ ಸಾಲುಗಳ ಕೆಳಗೆ, ಲೆಕ್ಕ ಮುಂದುವರಿದಂತೆ,
ಅಜ್ಜನ ಬಾಗಿದ ಅಕ್ಷರ:
ಏಪ್ರಿಲ್ ಹತ್ತೊಂಬತ್ತು. ಹಗ್ಗ ಹರಿಯಿತು.
ಕುದುರೆ ಎರಡು.
ಅಲ್ಸೀದ್ ದ್ಯುಶಾರ್ಮ್, ವಯಸ್ಸು ಒಂಬತ್ತು.

ಆಮೇಲೆ ಅಲ್ಲಿ ಸೇತುವೆಯಾಯಿತು.
ಕಟ್ಟಿಸಿದವರು ಆಚೆ ಪಕ್ಷದವರು; ಗಟ್ಟಿಯಾಗಿಯೇ ಕಟ್ಟಿಸಿದ್ದರು.
ಅದರ ಬಾಯಿಗೆ ಬಂದಾಗಲೆಲ್ಲ ಅಜ್ಜ ಗಾಡಿಯಿಂದಿಳಿದು
ಟೋಪಿ ಕೈಯಲ್ಲಿ ಹಿಡಿದು, ಆಚೆ ದಡದವರೆಗೂ ನಡೆಯುತ್ತಿದ್ದ,
ಮಳೆಯಿರಲಿ, ಹಿಮವಿರಲಿ.
ಹಿಂದೆ ಗಾಡಿಯಲ್ಲಿ ಕೂತ ನಾವು ಮಕ್ಕಳು
ಮಂತ್ರಿಗಳಾದವರು ಹೀಗೇ ದಾಟುತ್ತಾರೆ
ಅಂದುಕೊಂಡಿದ್ದೆವು.